ನಡುಗಡ್ಡಿ ಊರಿಗೊಂದು ಸಣ್ಣ ಮ್ಯೂಸಿಯಂ: ಮಾಡಿ ನೋಡಿದವರು ಹೇಳ್ರಿ

ಕೇಳಿದವರು, ಜಮಖಂಡಿ ತಾಲೂಕು
ನಮ್ಮದು ಕೃಷ್ಣಾ ಹೊಳಿ ನಡುವಿನ ಊರು. ಆಲಮಟ್ಟಿ ಹಿನ್ನೀರು ಏರಿದರ ಬೋಟ್ ಬಿಟ್ಟು ಬ್ಯಾರೆ ದಾರಿ ಇಲ್ಲ. ಬಾಳ ಮಂದಿ ಪುನರ್ವಸತಿ ಕೇಂದ್ರಕ್ಕ ಹೋದರು, ನಾವೊಂದಿಷ್ಟು ಮನಿ ಇನ್ನೂ ಇಲ್ಲೇ ಅದೀವಿ. ಹೋದವರು ಬಿಟ್ಟುಹೋದ ಕೂರಿಗಿ, ಸೇರು-ಪಾವು, ಬೀಸುಕಲ್ಲು, ಒಂದು ಪೆಟ್ಟಿಗಿ ತುಂಬ ಮೋಡಿ ಅಕ್ಷರದ (ಹಿಂದಕ ಮರಾಠಿ ಬರೀತಿದ್ದ ಕೂಡಬರಹದ ಲಿಪಿ) ಕಾಗದ, ಎಲ್ಲಾ ನಮ್ಮನಿ ಪಡಸಾಲ್ಯಾಗ ಬಂದು ಕುಂತಾವು. ಖಾಲಿ ಬಿದ್ದ ಶಾಲಿ ಕೋಣ್ಯಾಗ ಮ್ಯೂಸಿಯಂ ಮಾಡೂನು, ಒಂದು ಇತಿಹಾಸ ಸಂಘ ಕಟ್ಟೂನು ಅಂತ ಆರು ಮಂದಿ ಕೂಡೀವಿ. ಎಲ್ಲಿಂದ ಸುರು ಮಾಡಬೇಕು?

ನಿವೃತ್ತ ಮಾಸ್ತರ, ಬಾಗಲಕೋಟೆ ನವನಗರ
ತಮ್ಮಾ, ಕೋಣಿ ಆಮ್ಯಾಲ. ಮೊದಲು ಗಟ್ಟಿ ರಟ್ಟಿನ ಒಂದು ನೋಟಬುಕ್ ತಗೋ.

ಯಾಕ ಅಂತ ಹೇಳತೀನಿ. ಹಳೇ ಊರಾಗ ನಮ್ಮ ಓಣಿ ನೀರಿಗೆ ಬಿಡೂ ಹೊತ್ತಿನಾಗ ನಾವೂ ಕೆಲವರು ಕೂಡಿ ಸಾಮಾನು ಗೋಳೆ ಮಾಡಿದ್ವಿ. ಬಾಗಿಲ ಚೌಕಟ್ಟು, ತೊಟ್ಟಿಲು, ದೀಪ ಹಚ್ಚೂ ಸಮೆ, ಕಂದೀಲು. ಯಾರ ಮನಿದು ಅಂತ ಬರೀಲಿಲ್ಲ. ಎಲ್ಲಾರಿಗೂ ಗೊತ್ತೈತಲ್ಲ, ಬರಿಯೂದು ಏನೈತಿ ಅಂದ್ವಿ. ಗೊತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು. ಈಗ ಆ ಸಮೆ ಬರೇ ಒಂದು ಸಮೆ, ಗುಜರಿ ಅಂಗಡ್ಯಾಗಿನ ಸಮೆಗೂ ಅದಕ್ಕೂ ಫರಕಿಲ್ಲ. ಆ ತೊಟ್ಟಿಲದಾಗ ಯಾರ ಮನಿ ಕೂಸು ಆಡಿದ್ದವು ಅನ್ನೂದು ನನಗೂ ನೆನಪಿಲ್ಲ, ಎತ್ತಿ ತಂದವನು ನಾನಽ.

ಹಂಗಾಗಿ ಒಂದು ಸಾಮಾನಿಗೆ ಒಂದು ನಂಬರು. ನೋಟಬುಕ್ಕಿನಾಗ ಆ ನಂಬರಿನ ಮುಂದ ತಂದ ದಿನ, ಕೊಟ್ಟವರು, ಯಾವ ಮನಿ, ಏನಕ್ಕ ಬಳಸತಿದ್ದರು, ಅದರ ಒಂದೊಂದು ಭಾಗಕ್ಕ ಏನಂತಿದ್ದರು ಅನ್ನೂದು ಬರಿ. ಕಡೀ ಮಾತು ಮುಖ್ಯ: ಕೂರಿಗಿ ಎಲ್ಲೆರ ಸಿಗತೈತಿ, ಅದರ ಹೆಸರುಗಳು ಮುದುಕರ ಬಾಯಾಗ ಅಷ್ಟ ಅದಾವು. ನಂಬರನ್ನ ಚೀಟಿ ಮ್ಯಾಲ ಬರದು ದಾರದಿಂದ ಕಟ್ಟು. ಕಟಗಿ ಮ್ಯಾಲ, ಹಿತ್ತಾಳಿ ಮ್ಯಾಲ ಮಾರ್ಕರ್ ಹಚ್ಚಬ್ಯಾಡ.

ಇನ್ನೊಂದು. ನಾಲ್ಕು ಹಿರಿಯರನ್ನ ಕೂಡಿಸಿ ಊರಿನ ನಕ್ಷೆ ತಗಿಸು. ಅಗಸಿಯಿಂದ ಹನುಮಪ್ಪನ ಗುಡಿತನಕ ಯಾವ ಮನಿ ಆದಮ್ಯಾಲ ಯಾವ ಮನಿ, ಹಗೇವು ಎಲ್ಲಿದ್ದವು, ಯಾವ ಹಗೇವಿನಾಗ ಎಷ್ಟು ಚೀಲ ಜ್ವಾಳ ಹಿಡಿತಿತ್ತು, ಹೊಳಿ ದಾಟೂ ಜಾಗ ಯಾವುದಿತ್ತು. ಜಗಳ ಆಡತಾರ, ಆಡಲಿ. ಜಗಳದಾಗ ನೆನಪು ಹೊರಗ ಬರತಾವು. ಮಗ್ಗಲಿಗೆ ಮೊಬೈಲ್ ರೆಕಾರ್ಡಿಂಗ್ ಹಚ್ಚಿಟ್ಟಿರು, ಹೇಳಿ ಹಚ್ಚು ಮತ್ತ.

ಗುಳೇದಗುಡ್ಡದಿಂದ
ಮಾಸ್ತರ ಮಾತಿಗೆ ನಂದೊಂದು ಮಾತು ಸೇರಿಸ್ರಿ. ಕೊಟ್ಟದ್ದು ದಾನವೋ, ಎರವಲೋ ಅಂತ ಅದರಾಗ ಬರದು ಸಹಿ ತಗೋರಿ. ನಮ್ಮ ಅತ್ತಿಯವರು ಅವರ ತವರುಮನಿ ಕೌದಿ, ಹಳೇ ಖಣದ ಕುಪ್ಪಸ ಒಂದು ಸಂಗ್ರಹಕ್ಕ ಕೊಟ್ಟಿದ್ದರು. ನೋಡಾಕ ಇಡತಾರ ಅಂತ ಅವರು ತಿಳಕೊಂಡಿದ್ದರು, ಕೊಟ್ಟಬಿಟ್ಟರು ಅಂತ ಆ ಮಂದಿ ತಿಳಕೊಂಡಿದ್ದರು. ಮಗಳ ಮದುವಿಗೆ ಕೇಳಾಕ ಹೋದರ ಕೌದಿನೂ ಇಲ್ಲ, ಚೀಟಿನೂ ಇಲ್ಲ. ಎರಡು ಮನಿತನ ಮಾತು ಬಿಟ್ಟವು. ನೀವಂತೂ ಒಂದ ಬೋಟಿನಾಗ ಅಡ್ಡಾಡೂ ಮಂದಿ, ಮಾತು ಬಿಟ್ಟರ ಹೆಂಗ?

ವಿಜಯಪುರದಿಂದ, ವಕೀಲಕಿ ಮಾಡತೀನಿ
ಆರು ಮಂದಿ ಅಂದ್ರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಮಂದಿ ಬೇಕು, ಇನ್ನೊಬ್ಬರನ್ನ ಹುಡುಕ್ರಿ. ನೋಂದಣಿ ಆದಮ್ಯಾಲ ವರ್ಷಾ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಕೊಡೂದು ಇರತೈತಿ. ಬಾಳ ಸಂಘ ಸಾಯೂದು ಅಲ್ಲೇ. ಶಾಲಿ ಕೋಣಿಗೆ ಬರವಣಿಗಿ ಪರವಾನಗಿ ತಗೋರಿ, ಬಾಯಿಮಾತಿನ ಮ್ಯಾಲ ಕೀಲಿ ತಗೀಬ್ಯಾಡ್ರಿ.

ಹೊಲದಾಗ, ಹಾಳುಮನ್ಯಾಗ ನಾಣ್ಯ, ಬಂಗಾರ ಸಿಕ್ಕರ ಅದು ಮ್ಯೂಸಿಯಂ ಸಾಮಾನಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕ ತಿಳಿಸಬೇಕು. ನೂರು ವರ್ಷ ದಾಟಿದ ಕಲ್ಲಿನ, ಲೋಹದ ಮೂರ್ತಿ ಇಟ್ಟುಕೊಂಡರ 1972ರ ಪುರಾವಸ್ತು ಕಾಯ್ದೆ ಪ್ರಕಾರ ನೋಂದಣಿ ಆಗಬೇಕು. ವೀರಗಲ್ಲು ಇದ್ದರ ಕಿತ್ತು ತರಬ್ಯಾಡ್ರಿ, ನಿಂತಲ್ಲೇ ಫೋಟೋ ತಗದು ನೋಟಬುಕ್ಕಿಗೆ ಹಾಕ್ರಿ. ಆಯಿಲ್ ಪೇಂಟ್ ಹೊಡಿಯೂ ಉಮೇದಿನವರು ಪ್ರತಿ ಊರಾಗ ಒಬ್ಬರಿರತಾರ, ಅವರನ್ನ ಸಂಘದ ಏಳನೇ ಸದಸ್ಯ ಮಾಡಿಕೊಂಡು ಕೈ ಕಟ್ಟಹಾಕ್ರಿ!

ಗೋಳಗುಮ್ಮಟದ ಮುಂದಿನ ನಗಾರಖಾನ್ಯಾಗ 1892ರಿಂದ ಮ್ಯೂಸಿಯಂ ಐತಿ. ಶಾಸನ, ಹತಾರ, ಜಮಖಾನಿ ಎಲ್ಲಾ ಅಲ್ಲಿ ಅದಾವು. ನೀವು ಆ ದಾರಿ ಹಿಡೀಬ್ಯಾಡ್ರಿ. ನಿಮ್ಮ ಹೊಳಿ ದಾಟಿದ ಕತಿ ಅಲ್ಲಿಲ್ಲ.

ಚಿಕ್ಕೋಡಿ ತಾಲೂಕು, ಹೊಳಿಸಾಲ ಊರು
ಎಲ್ಲಾರೂ ಸಾಮಾನು ಕೂಡಿಸೂದು ಹೇಳಾಕತ್ತೀರಿ, ಹೊಳಿ ಬಂದಾಗ ಏನು? 2019ರ ಆಗಸ್ಟಿನಾಗ ನಮ್ಮ ವಾಚನಾಲಯದಾಗ ಎದಿಮಟ ನೀರು. ಕೆಳಗಿನ ಎರಡು ಅಟ್ಟಣಿಗಿ ಹೋದವು. ಒದ್ದಿ ಆದ ಕಾಗದಕ್ಕ ಎರಡು ದಿನದಾಗ ಬೂಷ್ಟು ಹತ್ತತೈತಿ. ಬಿಸಲಿಗೆ ಹಾಕಬ್ಯಾಡ್ರಿ, ಸುರುಟತಾವು. ನೆರಳಾಗ, ಗಾಳಿಗೆ, ಹಾಳಿ ನಡುವ ಮಸಿ ಹೀರೂ ಕಾಗದ ಇಟ್ಟು ಒಣಗಸ್ರಿ. ಒಂದಕ್ಕೊಂದು ಅಂಟಿದ ಫೋಟೋ ಹಂಗ ಒಣಗಾಕ ಬಿಟ್ಟರ ಮುಗೀತು, ಸ್ವಚ್ಛ ತಣ್ಣೀರಾಗ ಇಟ್ಟು ಮೆಲ್ಲಕ ಬಿಡಸ್ರಿ. ನಾವು ಇದನ್ನ ಕಲಿಯೂದರಾಗ ಅರ್ಧ ಹೋಗಿತ್ತು.

ಹಳೇ ಕಾಗದಕ್ಕ ಲ್ಯಾಮಿನೇಶನ್ ಬ್ಯಾಡ, ಸೆಲ್ಲೋ ಟೇಪ್ ಬ್ಯಾಡ. ಮೋಡಿ ಕಾಗದ ಈಗಽ ಫೋಟೋ ತಗದು ಮೂರು ಕಡೆ ಇಡ್ರಿ, ಒಂದು ಪ್ರತಿ ದಂಡಿಯಾಚಿ ಇರಲಿ. ಜಮಖಂಡಿ 1948ರತನಕ ಪಟವರ್ಧನರ ಸಂಸ್ಥಾನ. ಆ ಕಾಗದದಾಗ ಆ ಕಾಲದ ಹೊಲ-ಸಾಲದ ಲೆಕ್ಕ ಇದ್ದರೂ ಇರಬಹುದು. ನನ್ನ ಕೇಳಿದರ ಮ್ಯೂಸಿಯಂ ಪುನರ್ವಸತಿ ಊರಾಗ ಆಗಲಿ, ನಡುಗಡ್ಡ್ಯಾಗ ಬ್ಯಾಡ.

ಬೆಳಗಾವಿಯಿಂದ
ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕೆಲಸದ ಮೇಲೆ ಸ್ಕಾಟ್ಲೆಂಡಿನಲ್ಲಿದ್ದಾಗ ಲೂಯಿಸ್ ದ್ವೀಪದ ಉತ್ತರದ ತುದಿಗೆ, ನೆಸ್ ಅನ್ನುವ ಕಡೆ ಹೋಗಿದ್ದೆ. ಅಲ್ಲಿಯ ಹಳ್ಳಿಗರು 1977ರಲ್ಲಿ ಇತಿಹಾಸ ಸಂಘ ಕಟ್ಟಿದರು. ಯಾವ ಹಿಡುವಳಿಯಲ್ಲಿ ಯಾವ ಕುಟುಂಬವಿತ್ತು, ಯಾರು ದೇಶ ಬಿಟ್ಟು ಹೋದರು ಅಂತ ಮನೆಮನೆಯ ಲೆಕ್ಕ ಬರೆದಿದ್ದಾರೆ, ಮುದುಕರ ಗೇಲಿಕ್ ಮಾತು ಧ್ವನಿಮುದ್ರಿಸಿದ್ದಾರೆ. ಹೊರಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಅಜ್ಜನ ಮನೆ ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ. ಅವರ ಮ್ಯೂಸಿಯಂ ಈಗ ಇರುವುದೂ ಹಳೇ ಶಾಲೆಯಲ್ಲಿ. ಬೆಲೆಬಾಳುವ ಕಾಗದ ದಂಡೆಯಾಚೆ ಇರಲಿ, ಬೀಸುಕಲ್ಲನ್ನು ನೀರು ಏನು ಮಾಡೀತು? ಅದು ಊರಲ್ಲೇ ಇರಲಿ.

ಕೇಳಿದವರು
ಎಲ್ಲಾರಿಗೂ ಶರಣ್ರಿ. ನೋಟಬುಕ್ ತಂದೀನಿ. ಒಂದನೇ ನಂಬರು ನಮ್ಮ ಆಯಿ ಬೀಸುಕಲ್ಲು. ಏನು ಬರೀಲಿ ಅಂತ ಕೇಳಿದರ ಹಾಡಾಕ ಸುರು ಮಾಡಿದಳು, ಬರಿಯೂದು ಬಿಟ್ಟು ರೆಕಾರ್ಡ್ ಮಾಡಿಕೊಂಡೆ. ಏಳನೇ ಸದಸ್ಯ ಆಕಿನಽ. ಇನ್ನ ಮೋಡಿ ಓದೂವರು ಯಾರರ ಇದ್ದರ ಹೇಳ್ರಿ. ಬೋಟಿನ ಖರ್ಚು, ರೊಟ್ಟಿ-ಝುಣಕ ನಮ್ಮದು. ಹೊಳಿ ಇಳದಮ್ಯಾಲ ಬಂದರ ಛಲೋ.