1974ರ ಪ್ಯೂಜೊ ಯುಒ-8 ಟೂರಿಂಗ್ ಸೈಕಲ್: ಆ ಕಾಲದ್ದೇ ಬಿಡಿಭಾಗ ಬೇಕು

ಹಳೇಗಾಲಿ (ನ್ಯೂಜೆರ್ಸಿ):
1974ರ ಫ್ರೆಂಚ್ ಸೈಕಲ್ ಪ್ಯೂಜೊ ಯುಒ-8 ಪೂರ್ತಿ ಬಿಚ್ಚಿಟ್ಟಿದ್ದೇನೆ. ಫ್ರೇಮ್ ನೆಟ್ಟಗಿದೆ, ಬಣ್ಣವೂ ಪರವಾಗಿಲ್ಲ. ಸಿಂಪ್ಲೆಕ್ಸ್ ಪ್ರೆಸ್ಟೀಜ್ ಡಿರೇಲರ್ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಹಿಂದಿನದು, ಮುಂದಿನದು ಎರಡೂ ಸೀಳಿವೆ. ಎಡ ಪೆಡಲ್ ಇಲ್ಲ. ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ ಸವೆದಿವೆ. ಮಾಫಾಕ್ ಬ್ರೇಕಿನ ರಬ್ಬರ್ ಕಲ್ಲಾಗಿದೆ. ಸ್ಟೆಮ್ (ಹ್ಯಾಂಡಲನ್ನು ಫ್ರೇಮಿಗೆ ಸೇರಿಸುವ ಭಾಗ) ಎವಿಎ ಕಂಪನಿಯದು, ರಿಮ್ 27 ಇಂಚಿನ ಸ್ಟೀಲ್. ವರ್ಷಕ್ಕೆ ಒಪ್ಪುವ ಭಾಗಗಳೇ ಬೇಕು, ಓಡಿಸಲೂ ಬೇಕು. ಅಂಗಡಿಯಲ್ಲಿ ಸಿಕ್ಕ ಪೆಡಲ್ ಕ್ರ್ಯಾಂಕಿನ ಬಾಯಲ್ಲೇ ನಿಲ್ಲುತ್ತದೆ. ಊರಿಂದ ಬರುವವರ ಕೈಲಿ ಕಾಟರ್ ಪಿನ್ ತರಿಸಿದರೆ ಆದೀತಾ?

ಮರೆ_ಅಲ್ಲ_ಥ್ರೆಡ್:
ಕಾಟರ್ ತರಿಸಬೇಡಿ ಸರ್. ನಮ್ಮ ಊರಿನ ರೋಡ್‌ಸ್ಟರ್ ಸೈಕಲ್ಲುಗಳು ಬ್ರಿಟಿಷ್ ಅಳತೆಯವು, ಪಿನ್ 9.5 ಮಿಮೀ. ನಿಮ್ಮದಕ್ಕೆ ಬಹುಮಟ್ಟಿಗೆ 9.0 ಬೇಕು. ಹಳೇ ಪಿನ್ನಿನ ಸವೆಯದ ದುಂಡು ಭಾಗಕ್ಕೆ ಕ್ಯಾಲಿಪರ್ ಹಿಡಿದು ನೋಡಿ. ಎರಡು ಪಿನ್ನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹಾಕಿ, ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ ಮೇಲೆಯೇ ನಟ್ಟು ಬಿಗಿಯಿರಿ. ನಟ್ಟಿನಿಂದಲೇ ಪಿನ್ ಎಳೆಯಲು ಹೋದರೆ ಥ್ರೆಡ್ ಹಾಳು.

ಪೆಡಲ್ ಕಥೆಯೂ ಅದೇ. ಫ್ರೆಂಚ್ ಕ್ರ್ಯಾಂಕಿಗೆ 14 × 1.25 ಮಿಮೀ (ವ್ಯಾಸ × ಪಿಚ್, ಅಂದರೆ ಥ್ರೆಡ್ಡಿನ ಅಂತರ), ಅಂಗಡಿಯದು 9/16 ಇಂಚು × 20 (ಇಂಚಿಗೆ 20 ಥ್ರೆಡ್). ಲ್ಯೋಟಾರ್ ಕಂಪನಿಯ ಪೆಡಲ್ ಹುಡುಕಿ. ಸ್ಪಿಂಡಲ್ ಮೇಲೆ ಜಿ ಇದ್ದರೆ ಎಡ, ಡಿ ಇದ್ದರೆ ಬಲ. ಸಿಗದಿದ್ದರೆ ಕ್ರ್ಯಾಂಕಿಗೆ 9/16ರ ಟ್ಯಾಪ್ ಹೊಡೆಸಬಹುದು (ಅಂದರೆ ಹೊಸ ಥ್ರೆಡ್ ಕೊರೆಸಬಹುದು), ಪಿಚ್ ಹೆಚ್ಚುಕಡಿಮೆ ಒಂದೇ. ಆದರೆ ಅದು ಮರಳಿ ಬಾರದ ದಾರಿ.

ಕೊಳ್ಳುವ ಮುಂಚೆ ಇಷ್ಟು ಬರೆದಿಟ್ಟುಕೊಳ್ಳಿ: ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕಿನ ಅಚ್ಚು ತಿರುಗುವ ಬೇರಿಂಗ್) 35 × 1, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) 25 × 1, ಸ್ಟೆಮ್ ಕಾಂಡ 22.0, ಹ್ಯಾಂಡಲ್ ನಡುಭಾಗ 25.0, ಸೀಟ್ ಟ್ಯೂಬ್ ಹೊರ ಅಳತೆ 28.0, ಫ್ರೀವೀಲ್ (ಹಿಂಚಕ್ರದ ಹಲ್ಲುಗಾಲಿಗಳ ಗುಂಪು) 34.7 × 1, ಹಿಂಚಕ್ರದ ಅಗಲ 120. ಎಲ್ಲ ಮಿಲಿಮೀಟರಿನಲ್ಲಿ. ಬ್ರಿಟಿಷ್ ಫ್ರೀವೀಲ್ ಫ್ರೆಂಚ್ ಹಬ್ಬಿಗೆ ಸಡಿಲವಾಗಿ ಏರುತ್ತದೆ, ಸರಿಯಾಯಿತು ಅನ್ನಿಸುತ್ತದೆ. ಮೊದಲ ಏರಿನಲ್ಲಿ ಥ್ರೆಡ್ ಕಿತ್ತು ಬರುತ್ತದೆ.

ಬಾಟಮ್ ಬ್ರ್ಯಾಕೆಟ್ಟಿನ ಬಲಗಡೆಯ ಕಪ್ ಬಿಚ್ಚುವಾಗ ಬ್ರಿಟಿಷ್ ಅಭ್ಯಾಸ ಬಿಡಿ. ಫ್ರೆಂಚ್‌ನಲ್ಲಿ ಎರಡೂ ಕಪ್ ಬಲಥ್ರೆಡ್, ಹಾಗಾಗಿ ಅಪ್ರದಕ್ಷಿಣವಾಗಿಯೇ ತಿರುಗಿಸಬೇಕು. ಇದೇ ಕಾರಣಕ್ಕೆ ಬಲಗಡೆಯ ಕಪ್ ಓಡುತ್ತಾ ಓಡುತ್ತಾ ತಾನೇ ಸಡಿಲವಾಗುವ ಚಾಳಿ ಇದೆ, ಕೂರಿಸುವಾಗ ಸಿಕ್ಕಾಪಟ್ಟೆ ಬಿಗಿಯಿರಿ. ಬೇರಿಂಗಿನ ಬಾಲ್ಸ್ ಕಾಲಿಂಚಿನವು, ಒಂದೊಂದು ಕಡೆಗೆ 11.

ಸ್ಪೋಕ್_ಪುರಾಣ:
ಡಿರೇಲರ್ ಬಗ್ಗೆ. ಪ್ರೆಸ್ಟೀಜ್‌ನ ದೇಹ ಡೆಲ್ರಿನ್ ಪ್ಲಾಸ್ಟಿಕ್. ಅಂಟು ಹಾಕಿ ಉಳಿಸುವ ಯೋಚನೆ ಬೇಡ, ಡೆಲ್ರಿನ್‌ಗೆ ಅಂಟು ಹಿಡಿಯುವುದೇ ಇಲ್ಲ. ಇನ್ನೊಂದು ಪ್ರೆಸ್ಟೀಜ್ ಕೊಂಡರೂ ಅದರ ವಯಸ್ಸೂ ಅಷ್ಟೇ. ಪ್ರದರ್ಶನಕ್ಕಾದರೆ ಅದು, ಓಡಿಸಲಿಕ್ಕಾದರೆ ಸನ್‌ಟೂರ್ ವಿ-ಜಿಟಿ. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಮಾರಾಟದಲ್ಲಿದ್ದದ್ದೇ, ಕಾಲಕ್ಕೆ ಸುಳ್ಳಾಗುವುದಿಲ್ಲ. ಸನ್‌ಟೂರ್ ಮೇಲಿನ ಎರಡಕ್ಷರದ ಗುರುತು ನೋಡಿ: ಮೊದಲನೆಯದು ವರ್ಷ (ಪಿ 1973, ಕ್ಯೂ 1974, ಆರ್ 1975), ಎರಡನೆಯದು ತಿಂಗಳು, ಎ ಅಂದರೆ ಜನವರಿ.

ಒಂದು ತೊಡಕು. ಡ್ರಾಪ್‌ಔಟ್ (ಫ್ರೇಮಿನಲ್ಲಿ ಹಿಂಚಕ್ರದ ಅಚ್ಚು ಕೂರುವ ತುದಿ) ಸಿಂಪ್ಲೆಕ್ಸ್ ಮಾದರಿಯದಾಗಿದ್ದರೆ ಡಿರೇಲರ್ ತೂತಿಗೆ ಥ್ರೆಡ್ ಇರುವುದಿಲ್ಲ. 10 × 1 ಟ್ಯಾಪ್ ಹೊಡೆದು ತಡೆಗಚ್ಚನ್ನು ಅರದಿಂದ ಸರಿಮಾಡಿಕೊಳ್ಳಬೇಕು. ಫ್ರೇಮಿಗೆ ಅರ ಹಾಕಲು ಮನಸ್ಸಿಲ್ಲದಿದ್ದರೆ ಪೂರ್ತಿ ಲೋಹದ ಸಿಂಪ್ಲೆಕ್ಸ್ ಹುಡುಕಿ, ಬೆಲೆ ಜಾಸ್ತಿ. ಮುಂದಿನ ಡಿರೇಲರ್‌ನ ಕ್ಲ್ಯಾಂಪ್ 28.6ರದ್ದೇ ಸಿಕ್ಕರೆ 0.3 ಮಿಮೀ ಅಲ್ಯೂಮಿನಿಯಂ ಹಾಳೆ ಸುತ್ತಿ.

ಸಿಗುವ ಜಾಗ: ಬಿಡಿ ಬಿಡಿಯಾಗಿ ಕೊಳ್ಳುವುದಕ್ಕಿಂತ, ಫ್ರೇಮ್ ಬಗ್ಗಿದ ಅದೇ ಕಾಲದ ಪ್ಯೂಜೊ ಅಥವಾ ಜಿತಾನ್ ಇಡಿಯಾಗಿ ಕೊಳ್ಳಿ. ಪೆಡಲ್, ಫ್ರೀವೀಲ್, ಕಪ್, ನಟ್ಟು ಎಲ್ಲ ಒಂದೇ ಅಳತೆಯಲ್ಲಿ ಬರುತ್ತವೆ. ಆನ್‌ಲೈನ್ ಮಾರುವವರು 'ವಿಂಟೇಜ್' ಅಂದರೆ ಏನೂ ಹೇಳಿದಂತಲ್ಲ, ಕ್ಯಾಲಿಪರ್ ಹಿಡಿದ ಫೋಟೊ ಕೇಳಿ.

ನಿಧಾನ_ಸವಾರ:
ಎಲ್ಲರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ಆ ಎವಿಎ ಸ್ಟೆಮ್ ಮೇಲೆ ಸವಾರಿ ಬೇಡ. ಕಾಂಡದಲ್ಲಿ ತಯಾರಿಸುವಾಗಲೇ ಸೀಳು ಬಿಟ್ಟಿರುವ ಹಳೇ ಮಾದರಿ, ಸೀಳಿನ ಮೇಲ್ತುದಿಯಿಂದ ಬಿರುಕು ಹೊರಟು ಮುರಿಯುತ್ತದೆ, ಅದಕ್ಕೇ ಕುಖ್ಯಾತಿ. ಪಿವೊ ಅಥವಾ ಅಟ್ಯಾಕ್ಸ್ 22.0 ಹುಡುಕಿ, ಅದರಲ್ಲೂ ಬಿರುಕಿದೆಯೇ ನೋಡಿ. ಇಲ್ಲವಾದರೆ ಹೊಸ 22.2 ಸ್ಟೆಮ್ಮಿನ ಕಾಂಡವನ್ನು ಎಮರಿ ಬಟ್ಟೆಯಿಂದ ಸುತ್ತಲೂ ಸಮನಾಗಿ ಉಜ್ಜಿ 22.0ಕ್ಕೆ ತನ್ನಿ. ತಗ್ಗಬೇಕಾದ್ದು ವ್ಯಾಸದಲ್ಲಿ 0.2 ಮಾತ್ರ. ಹೊಸ ಸ್ಟೆಮ್ಮಿನ ಹಿಡಿಕಟ್ಟು 25.4 ಆಗಿದ್ದರೆ ನಿಮ್ಮ 25.0 ಹ್ಯಾಂಡಲ್‌ಗೆ ಷಿಮ್ (ಸಂದು ತುಂಬುವ ತೆಳು ಹಾಳೆ) ಬೇಕು.

ಮಾಫಾಕ್ ರೇಸರ್ ಬ್ರೇಕು ಒಳ್ಳೆಯದು, ಬಿಡಬೇಡಿ. ಥ್ರೆಡ್ ಇಲ್ಲದ ನುಣುಪು ಕಡ್ಡಿಯ ಪ್ಯಾಡ್ ಬೇಕು, ಕೂಲ್-ಸ್ಟಾಪ್‌ನವರು ಮಾಡುತ್ತಾರೆ. ಪ್ಯಾಡಿನ ಮುಂತುದಿ ರಿಮ್ಮನ್ನು ಮೊದಲು ಮುಟ್ಟುವ ಹಾಗೆ ಓರೆ ಕೊಡಿ, ಇಲ್ಲದಿದ್ದರೆ ಕಿರುಚುತ್ತದೆ.

ಸ್ಟೀಲ್ ರಿಮ್ಮಿಗೆ ಮಳೆಯಲ್ಲಿ ಬ್ರೇಕ್ ಹಿಡಿಯುವುದಿಲ್ಲ. 36 ತೂತಿನ ಸೂಪರ್ ಚಾಂಪಿಯನ್ ಮಾಡೆಲ್ 58 ಅಲ್ಯೂಮಿನಿಯಂ ರಿಮ್, 27 ಇಂಚಿನದು ಸಿಕ್ಕರೆ ಅದೇ ನಾರ್ಮಂಡಿ ಹಬ್ಬಿಗೆ ಕಟ್ಟಿಸಿ. ತುಸು ಚಿಕ್ಕದಾದ 700ಸಿ ಅಳತೆಯ ರಿಮ್ ಹಾಕಿದರೆ ಪ್ಯಾಡ್ 4 ಮಿಮೀ ಕೆಳಗಿಳಿಸಬೇಕು, ಮಾಫಾಕ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಜಾಗ ಇದೆ. ಹಳೇ ಸ್ಟೀಲ್ ರಿಮ್ಮನ್ನೇ ಉಳಿಸಿಕೊಂಡರೆ ಅಂಚಿನಲ್ಲಿ ಕೊಕ್ಕೆ ಇರುವುದಿಲ್ಲ, ಗಾಳಿ 70 ಪಿಎಸ್‌ಐ ದಾಟಿಸಬೇಡಿ, ಟೈರ್ ಹಾರಿಹೋಗುತ್ತದೆ.

ಹಳೇಗಾಲಿ:
ಸ್ಟೆಮ್ ತೆಗೆದು ನೋಡಿದೆ, ಸೀಳು ಇರುವ ಮಾದರಿಯೇ. ಡ್ರಾಪ್‌ಔಟ್‌ನಲ್ಲಿ ಥ್ರೆಡ್ ಇಲ್ಲ. ಫ್ರೇಮಿಗೆ ಅರ ಹಾಕುವುದಿಲ್ಲ, ಲೋಹದ ಸಿಂಪ್ಲೆಕ್ಸ್ ಹುಡುಕುತ್ತೇನೆ. ಯಾರ ಹತ್ತಿರವಾದರೂ 9.0 ಕಾಟರ್ ಜೋಡಿ ಇದ್ದರೆ ಇಲ್ಲೇ ಹೇಳಿ.