ಕ್ಲೇಮ್ ಆದ್ಮೇಲೆ ಲಾರಿ ಇನ್ಶೂರೆನ್ಸ್ ಕೊಡ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ನಮ್ಮ ಲಾರಿಗಳ ಮೇಲೆ ಮುಂಚೆ ಕ್ಲೇಮ್ ಆಗಿದೆ, ಈಗ ಒಬ್ರು ಆಗಲ್ಲ ಅಂತಾರೆ ಇನ್ನೊಬ್ರು ಪ್ರೀಮಿಯಂ ಸಿಕ್ಕಾಪಟ್ಟೆ ಹೇಳ್ತಾರೆ. ಹಳೇದು ಹೇಳದೇ ಹೊಸ ಕಂಪನಿಗೆ ಹೋದ್ರೆ ನಡೆಯುತ್ತಾ?

ಉತ್ತರ: ಅದೊಂದು ಮಾಡ್ಬೇಡಿ ಗುರು! ಮುಚ್ಚಿಟ್ಟಿದ್ದು ಗೊತ್ತಾದ್ರೆ ಮುಂದಿನ ಕ್ಲೇಮ್ ರಿಜೆಕ್ಟ್ ಮಾಡ್ಬಹುದು, ಕಟ್ಟಿದ ಪ್ರೀಮಿಯಂ ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಈಗಿನ ಕಂಪನಿಯಿಂದ ಕ್ಲೇಮ್ ಹಿಸ್ಟರಿ ಬರವಣಿಗೇಲಿ ತಗೊಳ್ಳಿ, ಸೆಟಲ್ ಆಗಿರೋ ಕ್ಲೇಮ್ ಅದ್ರಲ್ಲಿ ಇನ್ನೂ ಓಪನ್ (ಮುಗಿದಿಲ್ಲ) ಅಂತಿದ್ರೆ ಮೊದಲು ಸರಿ ಮಾಡ್ಸಿ, ಯಾಕಂದ್ರೆ ಅದಕ್ಕೆ ಅವ್ರು ಎತ್ತಿಟ್ಟಿರೋ ದುಡ್ಡೂ ನಿಮ್ಮ ನಷ್ಟದ ಲೆಕ್ಕಕ್ಕೇ ಸೇರುತ್ತೆ.

ಇನ್ನೊಬ್ರು: ಕ್ಲೇಮ್ ಆದ್ಮೇಲೆ ನೀವು ಏನು ಬದಲಾಯಿಸಿದ್ರಿ ಅಂತಾನೂ ಕಂಪನಿಗೆ ತೋರಿಸಿ, ಡ್ಯಾಶ್‌ಕ್ಯಾಮ್, ಡ್ರೈವರ್ ಟ್ರೈನಿಂಗ್, ಸರ್ವಿಸ್ ರೆಕಾರ್ಡ್. ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ನಾವೇ ಕೈಯಿಂದ ಹಾಕೋ ಪಾಲು) ಜಾಸ್ತಿ ಮಾಡಿದ್ರೆ ಪ್ರೀಮಿಯಂ ಸ್ವಲ್ಪ ಇಳಿಯುತ್ತೆ, ಆದ್ರೆ ಅಷ್ಟು ದುಡ್ಡು ಕೈಯಲ್ಲಿರ್ಬೇಕು. ರಿನ್ಯೂವಲ್ ಕೊನೇ ವಾರದವರೆಗೂ ಕಾಯ್ಬೇಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ಒಂದು ಕ್ಲೇಮ್ ಓಪನ್ ಅಂತಾನೇ ಇದೆ ಅನ್ಸುತ್ತೆ, ಕೇಳ್ತೀನಿ.