ಅಮ್ಮಿಯನ್ನು ಮಲೇಷ್ಯಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ನಮಾಜ್, ಊಟ ಹೇಗೆ?

ಸೋನಾಮಸೂರಿ, ಗಂಗಾವತಿ:

ಎಲ್ಲರಿಗೂ ಸಲಾಂ, ನಮಸ್ಕಾರ. ಡಿಸೆಂಬರ್‌ನಲ್ಲಿ ಅಮ್ಮಿ ಮತ್ತು ಹೆಂಡತಿ ಜೊತೆ 8 ದಿನ ಮಲೇಷ್ಯಾಕ್ಕೆ ಹೊರಟಿದ್ದೇನೆ. ಹೈದರಾಬಾದ್‌ನಿಂದ ವಿಮಾನ. ನಮ್ಮ ಮನೆಯಲ್ಲಿ ಇಲ್ಲಿವರೆಗೆ ಯಾರೂ ದೇಶ ಬಿಟ್ಟು ಹೋಗಿಲ್ಲ. ಅಮ್ಮಿಗೆ 62. ಬೆಂಗಳೂರಿಗೆ ಹೋದರೂ ಹೊರಗಡೆ ಮಾಂಸ ಮುಟ್ಟುವುದಿಲ್ಲ, ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೋಗುತ್ತಾರೆ. ದಾರಿಯಲ್ಲಿ ನಮಾಜ್ ತಪ್ಪುತ್ತದೆ ಅನ್ನುವುದು ಇನ್ನೊಂದು ಚಿಂತೆ. "ಅದು ಮುಸ್ಲಿಮರ ದೇಶ ಅಮ್ಮಿ, ಎಲ್ಲ ನಮ್ಮ ಮನೆ ಹಾಗೇ ಇರುತ್ತದೆ" ಅಂತ ಹೇಳಿ ಒಪ್ಪಿಸಿದ್ದೇನೆ. ಈಗ ನನಗೇ ಅನುಮಾನ. ನಿಜವಾಗಲೂ ಹಾಗಿರುತ್ತದಾ? ಹೋಗಿ ಬಂದವರು ಹೇಳಿ.

ಕೋಟೆ ಏರಿಯಾ, ಬಳ್ಳಾರಿ:

ಕೆಲಸದ ಮೇಲೆ ಕೌಲಾಲಂಪುರದಲ್ಲಿ ಎರಡು ವರ್ಷ ಇದ್ದೆ. 2023ರ ಡಿಸೆಂಬರ್‌ನಿಂದ ನಮ್ಮ ಪಾಸ್‌ಪೋರ್ಟ್‌ಗೆ 30 ದಿನದವರೆಗೆ ವೀಸಾ ಕೇಳುತ್ತಿಲ್ಲ. ಆದರೆ ಇಳಿಯುವ ದಿನಕ್ಕೆ ಮುಂಚಿನ 3 ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿರಬೇಕು. ಅದಕ್ಕೆ ದುಡ್ಡು ಕಟ್ಟುವಂತಿಲ್ಲ, ಕೇಳಿದವರಿಗೆ ಕೊಡಬೇಡಿ.

ಊಟಕ್ಕೆ ಒಂದೇ ಮಾತು. ಗೋಡೆ ಮೇಲೆ ಅಲ್ಲಿಯ ಸರ್ಕಾರದ ಇಸ್ಲಾಂ ಇಲಾಖೆಯಾದ ಜಾಕಿಮ್‌ನ ಹಲಾಲ್ ಮುದ್ರೆ ಇದೆಯಾ ನೋಡಿ. "ಪೋರ್ಕ್ ಫ್ರೀ" ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಅದು ಹಲಾಲ್ ಅಲ್ಲ. ಅಲ್ಲಿ ಚೀನೀಯರು, ತಮಿಳರು ಎಲ್ಲರೂ ಇದ್ದಾರೆ, ಎಲ್ಲ ಥರದ ಹೋಟೆಲ್ಲೂ ಇವೆ.

ಇನ್ನೊಂದು. ಸಲಾಂ ಹೇಳಿದವರನ್ನೆಲ್ಲ ಸುಮ್ನೆ ನಂಬಬೇಡಿ. ಮೊದಲ ವಾರವೇ ಒಬ್ಬ ಟ್ಯಾಕ್ಸಿಯವನು "ಬ್ರದರ್, ಬ್ರದರ್" ಅನ್ನುತ್ತಲೇ ನನ್ನ ಹತ್ತಿರ ಮೂರು ಪಟ್ಟು ಕಿತ್ತುಕೊಂಡ. ಗ್ರ್ಯಾಬ್ ಆ್ಯಪ್ ಹಾಕಿಕೊಳ್ಳಿ, ರೇಟ್ ಮೊದಲೇ ಗೊತ್ತಾಗುತ್ತದೆ.

ರಾಯಚೂರು ಟೀಚರ್:

ಹೋದ ವರ್ಷ ನನ್ನ ಅಮ್ಮಿಯನ್ನು ಕರೆದುಕೊಂಡು ಹೋಗಿ ಬಂದೆ. ಅವರಿಗೆ ಆಗ 66. ನೀವು ಅಮ್ಮಿಗೆ ಹೇಳಿದ ಮಾತು ಅರ್ಧ ನಿಜ. ಇನ್ನರ್ಧ ಹೇಳದೇ ಕರೆದುಕೊಂಡು ಹೋದರೆ ಅಲ್ಲಿ ಅವರು ಗಾಬರಿ ಆಗುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮಾಜ್ ತಪ್ಪುವ ಚಿಂತೆ ಬಿಟ್ಟುಬಿಡಿ. ಹೋಟೆಲ್ ರೂಮಿನಲ್ಲಿ ಚಾವಣಿ ನೋಡಿ, ಒಂದು ಬಾಣದ ಗುರುತು ಅಂಟಿಸಿರುತ್ತಾರೆ, ಅದರ ಮೇಲೆ ಕಿಬ್ಲತ್ ಅಂತ ಬರೆದಿರುತ್ತದೆ. ಕಿಬ್ಲಾ, ಅಂದರೆ ನಮಾಜ್‌ಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಯಾವ ಕಡೆ ಅಂತ ಯಾರನ್ನೂ ಕೇಳಬೇಕಿಲ್ಲ. ನಮ್ಮ ಅಮ್ಮಿ ಮಂಚದ ಮೇಲೆ ಮಲಗಿಕೊಂಡು ಅದನ್ನೇ ತುಂಬಾ ಹೊತ್ತು ನೋಡುತ್ತಿದ್ದರು. ಮಾಲ್, ಏರ್‌ಪೋರ್ಟ್, ಪೆಟ್ರೋಲ್ ಬಂಕ್, ಎಲ್ಲಿ ಹೋದರೂ ಸುರಾವ್ ಸಿಗುತ್ತದೆ. ಸುರಾವ್ ಅಂದರೆ ನಮಾಜ್ ಕೋಣೆ. ಹೆಂಗಸರದ್ದು ಬೇರೆ, ಗಂಡಸರದ್ದು ಬೇರೆ. ನಮಾಜ್‌ಗೆ ಮುಂಚೆ ಕೈಕಾಲು ತೊಳೆಯುವ ವಜೂಗೆ ನಲ್ಲಿ ಇರುತ್ತದೆ. ಟಾಯ್ಲೆಟ್‌ನಲ್ಲೂ ನೀರಿನ ಪೈಪ್ ಇದೆ, ಅಮ್ಮಿಯರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಅವರು ಶಾಫಿ, ನಾವು ಹನಫಿ. ನಮಾಜ್, ಊಟದ ನಿಯಮಗಳಲ್ಲಿ ಸ್ವಲ್ಪ ಬೇರೆಯಾಗುವ ಎರಡು ಪಂಥ ಇವು. ಇದನ್ನು ಊರಲ್ಲೇ ಕೂತು ಅಮ್ಮಿಗೆ ಬಿಡಿಸಿ ಹೇಳಿ. ನಾನು ಹೇಳಿರಲಿಲ್ಲ. ಎರಡನೇ ದಿನ ಬೆಳಗಿನ ಜಾವದ ಫಜ್ರ್‌ಗೆ ಹೋಟೆಲ್ ಪಕ್ಕದ ಮಸೀದಿಗೆ ಹೋದೆವು. ನಮಾಜ್‌ನ ಎರಡನೇ ಸುತ್ತಿನಲ್ಲಿ, ಅಂದರೆ ಎರಡನೇ ರಕಾತ್‌ನಲ್ಲಿ ರುಕೂ, ಅಂದರೆ ಬಗ್ಗಿ ನಿಲ್ಲುವುದು, ಮುಗಿಸಿ ಎದ್ದ ಮೇಲೆ ಇಮಾಮ್ ಹಣೆ ನೆಲಕ್ಕಿಡುವ ಸಜ್ದಾಕ್ಕೆ ಹೋಗಲಿಲ್ಲ. ಎಲ್ಲರೂ ಎರಡೂ ಕೈ ಎತ್ತಿ ನಿಂತರು. ಅದು ಕುನೂತ್ ದುವಾ, ಶಾಫಿಗಳು ಫಜ್ರ್‌ನಲ್ಲಿ ಓದುತ್ತಾರೆ. ನಾವು ರಾತ್ರಿಯ ಇಶಾದ ಕೊನೆಗೆ ಓದುವ ವಿತ್ರ್ ನಮಾಜ್‌ನಲ್ಲಿ ಮಾತ್ರ ಓದುವುದಲ್ವಾ? ಅಮ್ಮಿ ಮೊಣಕಾಲು ಮಡಚಿ ಅರ್ಧ ಬಗ್ಗಿಬಿಟ್ಟಿದ್ದರು. ಅಕ್ಕಪಕ್ಕ ನೋಡಿ ಮತ್ತೆ ಎದ್ದು ನಿಂತರು. ಅವರ ಕೈ ನಡುಗುತ್ತಿದ್ದದ್ದು ನನಗೆ ಕಂಡಿತು. ಸಲಾಂ ಆದ ಮೇಲೆ ಪಕ್ಕದ ಮುದುಕಿ ಅಮ್ಮಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಆಮೇಲೆ ತನ್ನ ಎದೆ ಮುಟ್ಟಿಕೊಂಡರು. "ಇಂಡಿಯಾ?" ಅಂದರು. ಅಮ್ಮಿ "ಹೌ" ಅಂದರು. ಅವರಿಗೆ ಉರ್ದು ಬರದು, ಅಮ್ಮಿಗೆ ಮಲಯ್ ಬರದು. ಇಬ್ಬರೂ ಕೈ ಬಿಡದೆ ಕೂತಿದ್ದರು.

ರೂಮಿಗೆ ಬಂದ ಮೇಲೆ "ನನ್ನ ನಮಾಜ್ ಕೆಟ್ಟಿತೇನೋ" ಅಂತ ಅಮ್ಮಿ ಅಳಲು ಶುರು ಮಾಡಿದರು. ನಮ್ಮ ಓಣಿಯ ಇಮಾಮ್ ಸಾಹೇಬರಿಗೆ ಫೋನ್ ಮಾಡಿದೆ. ಕೆಡುವುದಿಲ್ಲ, ಅವರು ಕುನೂತ್ ಓದುವಾಗ ನೀವು ಸುಮ್ಮನೆ ಕೈ ಇಳಿಬಿಟ್ಟು ನಿಂತಿರಿ ಅಂದರು. ಮೊದಲೇ ಕೇಳಿದ್ದರೆ ಆ ಅಳು ಇರುತ್ತಿರಲಿಲ್ಲ.

ಊಟದಲ್ಲೂ ಇದೇ ಕಥೆ. ಅವರ ಹಲಾಲ್‌ನಲ್ಲಿ ಏಡಿ ಇದೆ, ಸೊತೊಂಗ್ ಅನ್ನುವ ಸ್ಕ್ವಿಡ್ ಇದೆ. ಹನಫಿಗಳು ಇವನ್ನು ತಿನ್ನುವುದಿಲ್ಲ. ಸೀಗಡಿ ವಿಷಯದಲ್ಲಿ ನಮ್ಮ ಉಲಮಾಗಳಲ್ಲೇ ಎರಡು ಮಾತು. ಅಲ್ಲಿಯ ಸಂಬಾಲ್ ಚಟ್ನಿಗೆ ಬೆಲಾಚಾನ್ ಅಂತ ಸೀಗಡಿ ಅರೆದ ಮುದ್ದೆ ಹಾಕುತ್ತಾರೆ. ಮುದ್ರೆ ಇದ್ದರೂ ಅಮ್ಮಿ ತಟ್ಟೆ ಪಕ್ಕಕ್ಕೆ ಸರಿಸಿದರು. ಕೊನೆಗೆ ನಮ್ಮನ್ನು ಕಾಪಾಡಿದ್ದು ಮಾಮಕ್ ಅಂಗಡಿಗಳು. ತಮಿಳು ಮುಸ್ಲಿಮರು ನಡೆಸುತ್ತಾರೆ. ರೋಟಿ ಚನಾಯ್ ಅಂದರೆ ಪದರ ಪದರದ ಪರೋಟಾ, ಜೊತೆಗೆ ಬೇಳೆ ಸಾರು. ನಮ್ಮ ಶೇಂಗಾ ಚಟ್ನಿ ಪುಡಿ ಒಂದು ಡಬ್ಬಿ ಒಯ್ದಿದ್ದೆ, ಐದನೇ ದಿನಕ್ಕೆ ಖಾಲಿ.

ಈಗ ನಾನು ಹೇಳಲೇಬೇಕಾದ ವಿಷಯ. ನಮ್ಮೂರಿನ ಏಕ್ ಮಿನಾರ್ ಮಸೀದಿ ಬಹಮನಿಗಳ ಕಾಲದ್ದು, 1513ರ ಹೊತ್ತಿಗೆ ಕಟ್ಟಿದ್ದು. ಅದರ ಮುಂದೆ ಅಮ್ಮಿ ಎಷ್ಟು ಸಾವಿರ ಸಲ ನಡೆದಿದ್ದಾರೋ. ಆದರೆ ಅಲ್ಲಾಗಲಿ, ನಮ್ಮ ಓಣಿಯ ಮಸೀದಿಯಲ್ಲಾಗಲಿ ಒಂದು ಸಲವೂ ನಮಾಜ್ ಮಾಡಿಲ್ಲ. 66 ವರ್ಷ ಅಜಾನ್ ಕೇಳಿ ಮನೆಯ ಮೂಲೆಯಲ್ಲೇ ಜಾನಮಾಜ್ ಹಾಸಿದವರು. ಕೌಲಾಲಂಪುರದಲ್ಲಿ ಮೊದಲ ದಿನವೇ ಮಸ್ಜಿದ್ ನೆಗಾರಾಕ್ಕೆ, ಅಂದರೆ ಅವರ ರಾಷ್ಟ್ರೀಯ ಮಸೀದಿಗೆ ಹೋದೆವು. 1965ರಲ್ಲಿ ಕಟ್ಟಿದ್ದು, ಚಾವಣಿ ಬಿಚ್ಚಿದ ಕೊಡೆ ಥರ ಇದೆ, ಮಿನಾರ್ 73 ಮೀಟರ್. ಅಮ್ಮಿ ಬಾಗಿಲಲ್ಲೇ ನಿಂತರು. "ಒಳಗೆ ಬಿಡ್ತಾರಾ?" ಅಂತ ನನ್ನನ್ನು ಕೇಳಿದರು. ಎರಡು ಸಲ ಕೇಳಿದರು. ಒಳಗೆ ಸಾಲಾಗಿ ಬಿಳಿ ತೆಲೆಕುಂಗ್ ನೇತುಹಾಕಿದ್ದರು. ತಲೆಯಿಂದ ಕಾಲವರೆಗೆ ಮುಚ್ಚುವ ನಮಾಜ್ ಬಟ್ಟೆ ಅದು, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅಮ್ಮಿ ಇಳಿಮಧ್ಯಾಹ್ನದ ಅಸರ್‌ಗೆ ಎಲ್ಲರ ಜೊತೆ ಜಮಾತ್‌ನಲ್ಲಿ ನಿಂತರು. ಮುಗಿದ ಮೇಲೂ ಏಳಲಿಲ್ಲ, ನಾನೂ ಏಳಿಸಲಿಲ್ಲ. ನಿಮ್ಮ ಅಮ್ಮಿಯನ್ನು ದಯವಿಟ್ಟು ಅಲ್ಲಿಗೆ ಕರೆದುಕೊಂಡು ಹೋಗಿ. ಟ್ವಿನ್ ಟವರ್ ಬಿಟ್ಟರೂ ಪರವಾಗಿಲ್ಲ.

ಸೋನಾಮಸೂರಿ, ಗಂಗಾವತಿ:

ಟೀಚರ್, ಓದಿ ಕಣ್ಣು ತುಂಬಿತು. ಅಮ್ಮಿಗೆ ಪೂರ್ತಿ ಓದಿ ಹೇಳಿದೆ. ಅವರು ಕೇಳುತ್ತಿದ್ದಾರೆ: 8 ದಿನ ಕಸ್ರ್, ಅಂದರೆ ಪ್ರಯಾಣಿಕರ ಮೊಟಕು ನಮಾಜ್, ಮಾಡಬೇಕಾ, ಪೂರ್ತಿ ಓದಬೇಕಾ? ಅಲ್ಲಿ ಮಧ್ಯಾಹ್ನದ ಜೊಹರ್, ಅಸರ್ ಒಟ್ಟಿಗೆ ಓದುತ್ತಾರೆ ಅಂತ ಯಾರೋ ಹೇಳಿದರಂತೆ.

ರಾಯಚೂರು ಟೀಚರ್:

ನಾನು ಇಮಾಮ್ ಸಾಹೇಬರನ್ನು ಕೇಳಿ ಮಾಡಿದ್ದನ್ನೇ ಹೇಳುತ್ತೇನೆ. ಒಂದೇ ಊರಲ್ಲಿ 15 ದಿನಕ್ಕಿಂತ ಕಡಿಮೆ ಇರುವುದಾದರೆ ಹನಫಿಗಳಿಗೆ ಕಸ್ರ್. ಜೊಹರ್, ಅಸರ್, ಇಶಾಗಳ ಕಡ್ಡಾಯ ಭಾಗ, ಅಂದರೆ ಫರ್ಜ್, ಎರಡೆರಡು ರಕಾತ್. ಸೂರ್ಯಾಸ್ತದ ಮಗ್ರಿಬ್ ಮೂರೇ, ಫಜ್ರ್ ಎರಡೇ. ಆದರೆ ಅಲ್ಲಿಯ ಇಮಾಮರ ಹಿಂದೆ ನಿಂತರೆ ಅವರ ಜೊತೆ ನಾಲ್ಕೂ ಓದಬೇಕು. ಎರಡು ನಮಾಜ್ ಸೇರಿಸಿ ಓದುವುದು ಶಾಫಿ ಪ್ರಯಾಣಿಕರ ಪದ್ಧತಿ. ನಾವು ಸೇರಿಸಲಿಲ್ಲ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಫಜ್ರ್ 6ರ ಆಸುಪಾಸು, ಮಗ್ರಿಬ್ 7 ದಾಟಿದ ಮೇಲೆ.

ಅಮ್ಮಿಗೆ ಎರಡು ಜೊತೆ ಕಾಲುಚೀಲ ಇಡಿ. ಅಲ್ಲಿ ಹೆಂಗಸರು ನಮಾಜ್‌ನಲ್ಲಿ ಪಾದವನ್ನೂ ಮುಚ್ಚುತ್ತಾರೆ. ಬರಿಗಾಲಲ್ಲಿ ನಿಂತರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ನಮ್ಮ ಅಮ್ಮಿಗೆ ಸಾಲಿನಲ್ಲಿ ತನ್ನ ಪಾದ ಒಂದೇ ಕಾಣುತ್ತಿದೆ ಅನ್ನಿಸಿತು. ಮಾರನೇ ದಿನ ಬೆಳಿಗ್ಗೆ ನನ್ನದನ್ನೇ ಕೇಳಿ ಹಾಕಿಕೊಂಡರು.